ಕಂಪ್ಯೂಟರ್ ಈಗಲೇ ಕೊಳ್ಳಬೇಕಾ? ಕಾದರೆ ಅಗ್ಗ ಆಗುತ್ತಾ?

‘ವಿಂಡೋಸ್ 10 ಬಂದ್, ಹಳೆ ಕಂಪ್ಯೂಟರ್ ಇನ್ನು ಗುಜರಿಗೆ’ ಎಂದು ಹೆದರಿಸುವವರಿದ್ದಾರೆ. ‘ತಡೀರಿ, ಬೆಲೆ ಇಳಿಯುತ್ತೆ’ ಎನ್ನುವವರೂ ಇದ್ದಾರೆ. ಎರಡನ್ನೂ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

2025ರ ಅಕ್ಟೋಬರ್ 14ಕ್ಕೆ ನಿಂತದ್ದು ವಿಂಡೋಸ್ 10ರ ಮಾಮೂಲಿ ಭದ್ರತಾ ಅಪ್‌ಡೇಟ್, ಯಂತ್ರವಲ್ಲ. ರಬಕವಿ-ಬನಹಟ್ಟಿಯಲ್ಲಿ ಸೀರೆ ವ್ಯಾಪಾರದ ಲೆಕ್ಕ ಇಡುವ ಕಂಪ್ಯೂಟರ್ ನಾಳೆಯೂ ಆನ್ ಆಗುತ್ತದೆ. ಆದರೆ ಅದರಲ್ಲೇ ಬ್ಯಾಂಕ್, ಜಿಎಸ್‌ಟಿ ಕೆಲಸವೂ ನಡೆಯುತ್ತಿದ್ದರೆ ಅಪಾಯವಿದೆ. ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಇಂಟೆಲ್ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇದ್ದರೆ ಸಾಮಾನ್ಯವಾಗಿ ವಿಂಡೋಸ್ 11 ಉಚಿತವಾಗಿಯೇ ಹಾಕಿಕೊಳ್ಳಬಹುದು; ಹೊಸದು ಬೇಕಿಲ್ಲ.

ಕಾದರೆ ಅಗ್ಗ ಎಂಬ ಹಳೆ ಲೆಕ್ಕ ಈ ಸಲ ತಪ್ಪಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ವಿಪರೀತ ಏರಿತು. ಮೈಕ್ರಾನ್ ಕಂಪನಿಯಂತೂ ತನ್ನ ‘ಕ್ರೂಶಿಯಲ್’ ರ್‍ಯಾಮ್‌ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರ್‌ನಲ್ಲಿ ಹೇಳಿತು. ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆಯೂ ಕಂಪ್ಯೂಟರ್‌ಗೆ ತಾಗಿಲ್ಲ, ಮೊದಲಿನಂತೆ ಶೇ 18.

ಕೊಳ್ಳಲೇಬೇಕಾದವರು ಮುಧೋಳದಲ್ಲೋ ಜಮಖಂಡಿಯಲ್ಲೋ ಅಸೆಂಬಲ್ ಮಾಡಿಸುವಾಗ 8 ಜಿಬಿಯ ಒಂದೇ ರ್‍ಯಾಮ್ ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿಸಿ. ಬೆಲೆ ಇಳಿದಾಗ ತುಂಬಿಸಬಹುದು.