ನಕಲು ಯಂತ್ರದ ರೋಗನಿದಾನ

ಒಂದು ಸುತ್ತೋಲೆಯನ್ನು ನೂರು ಜನಕ್ಕೆ ಹಂಚಬೇಕಾಗಿದೆ ಎನ್ನೋಣ. ನೂರು ಸಲ ಕೈಯಲ್ಲಿ ಬರೆಯುವುದು ಆಗದ ಮಾತು. ಅಚ್ಚುಕೂಟಕ್ಕೆ ಕೊಡೋಣವೆಂದರೆ ನೂರು ಪ್ರತಿಗಾಗಿ ಮೊಳೆ ಜೋಡಿಸುವ ಖರ್ಚು ಗಿಟ್ಟದು. ಈ ಇಕ್ಕಟ್ಟಿನಿಂದಲೇ ಹುಟ್ಟಿದುದು ನಕಲು ಯಂತ್ರ, ಅಂದರೆ ಡುಪ್ಲಿಕೇಟರು. ಅಮೆರಿಕದ ಎಡಿಸನ್ 1876ರಲ್ಲಿ ಕಾಗದಕ್ಕೆ ಸಣ್ಣ ರಂಧ್ರಗಳನ್ನು ಕೊರೆಯುವ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದನು. ಹಂಗೆರಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಡೇವಿಡ್ ಗೆಸ್ಟೆಟ್ನರ್ 1881ರಲ್ಲಿ ತುದಿಯಲ್ಲಿ ಪುಟ್ಟ ಚಕ್ರವುಳ್ಳ ಲೇಖನಿಯೊಂದಕ್ಕೆ ಪೇಟೆಂಟ್ ಪಡೆದನು. ಆ ಲೇಖನಿಯ ಹೆಸರು ಸೈಕ್ಲೋಸ್ಟೈಲ್. ಮುಂದೆ ನಮ್ಮ ಕಚೇರಿಗಳಲ್ಲಿ ಲೇಖನಿ ಮರೆತುಹೋಗಿ, ಅದರ ಹೆಸರು ಮಾತ್ರ ಈ ಕೆಲಸಕ್ಕೆ ಅಂಟಿಕೊಂಡು ಉಳಿಯಿತು.

ಜೆರಾಕ್ಸ್ ಬಂದ ಮೇಲೆ ಅದೆಷ್ಟೋ ಕಡೆ ಡುಪ್ಲಿಕೇಟರು ಮೂಲೆ ಸೇರಿದೆ. ನಮ್ಮ ಕಾಲೇಜಿನ ಆಫೀಸಿನಲ್ಲಿರುವುದು ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯದು. ಆದರೂ ಇನ್ನೂ ತಿರುಗುತ್ತದೆ. ಅದರ ಮರ್ಮವನ್ನು ಬಲ್ಲವರು ಒಬ್ಬರೇ, ನಮ್ಮ ಅಟೆಂಡರು. ಅವರು ಈ ವರ್ಷವೇ ನಿವೃತ್ತರಾಗಲಿದ್ದಾರೆ. ಯಂತ್ರದೊಡನೆ ಬಂದಿದ್ದ ಕೈಪಿಡಿ ಎಂದೋ ಕಳೆದುಹೋಗಿದೆ. ಆದುದರಿಂದ ಅವರ ಪಕ್ಕದಲ್ಲಿ ನಿಂತು ನೋಡಿ ಕಲಿತುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಯಂತ್ರದ ಒಳಗುಟ್ಟು. ಸ್ಟೆನ್ಸಿಲ್ ಎಂಬುದು ಮೇಣದಂತಹ ಲೇಪವಿರುವ ತೆಳುವಾದ ನಾರಿನ ಕಾಗದ. ಟೈಪ್‌ರೈಟರಿನ ರಿಬ್ಬನ್ನನ್ನು ಪಕ್ಕಕ್ಕೆ ಸರಿಸಿ ಅದರ ಮೇಲೆ ಟೈಪು ಮಾಡಿದರೆ, ಅಕ್ಷರದ ಪೆಟ್ಟು ಬಿದ್ದಲ್ಲಿ ಲೇಪ ಸರಿದು ಮಸಿ ಹಾಯಲು ದಾರಿಯಾಗುತ್ತದೆ. ನಮ್ಮ ಯಂತ್ರದಲ್ಲಿ ಎರಡು ಉರುಳೆಗಳಿವೆ. ಅವೆರಡನ್ನೂ ಬಳಸಿ ಒಂದು ರೇಷ್ಮೆಯ ಜಾಲರಿ ಇದೆ. ಸಣ್ಣ ರೋಲರುಗಳು ಮಸಿಯನ್ನು ಹರಡುತ್ತವೆ. ಜಾಲರಿಯ ಮೇಲೆ ಸ್ಟೆನ್ಸಿಲ್ ಕೂರುತ್ತದೆ. ಕೆಳಗಿನಿಂದ ಒತ್ತುವ ರೋಲರು ಕಾಗದವನ್ನು ಅದಕ್ಕೆ ಒತ್ತುತ್ತದೆ. ಇಲ್ಲಿಗೆ ಬೇಕಾದುದು ಮಸಿ ಹೀರುವ ಒರಟು ಕಾಗದ. ನುಣುಪಾದ ಕಾಗದ ಹಾಕಿದರೆ ಮಸಿ ಮೇಲೆಯೇ ನಿಂತು, ಒಂದು ಹಾಳೆಯದು ಇನ್ನೊಂದರ ಬೆನ್ನಿಗೆ ಹತ್ತುತ್ತದೆ.

ಯಂತ್ರ ನಿಂತಿತೆಂದರೆ ಮಾಡಬೇಕಾದ ಮೊದಲ ಕೆಲಸ ಸ್ವಿಚ್ಚು ಆರಿಸಿ ಪ್ಲಗ್ಗನ್ನು ಕಿತ್ತಿಡುವುದು. ಮನೆಯ ವಿದ್ಯುತ್ತು 230 ವೋಲ್ಟಿನದು. ಅದರೊಡನೆ ಸಲಿಗೆ ಸಲ್ಲದು. ಎರಡನೆಯದು, ಹಿಡಿಯನ್ನು ಕೈಯಿಂದ ನಿಧಾನವಾಗಿ ತಿರುಗಿಸುವುದು. ಸಲೀಸಾಗಿ ತಿರುಗಿದರೆ ದೋಷ ಹೆಚ್ಚಾಗಿ ವಿದ್ಯುತ್ತಿನ ಕಡೆಗಿದೆ. ಬಿಗಿಯಾಗಿದ್ದರೆ ಯಂತ್ರದ ಅಂಗಗಳಲ್ಲಿದೆ. ಒಂದೇ ಪರೀಕ್ಷೆಯಿಂದ ಅರ್ಧ ಅನುಮಾನ ಕಳೆಯಿತು.

ವಿದ್ಯುತ್ತಿನ ದೋಷವನ್ನು ಹೊರಗಿನಿಂದ ಒಳಕ್ಕೆ ಹುಡುಕಬೇಕು. ಅದೇ ಸಾಕೆಟ್ಟಿಗೆ ಟೇಬಲ್ ದೀಪವೊಂದನ್ನು ಹಾಕಿ ನೋಡಬೇಕು. ಅದೂ ಹತ್ತದಿದ್ದರೆ ಯಂತ್ರ ನಿರಪರಾಧಿ, ಫ್ಯೂಜನ್ನು ನೋಡಿರಿ. ದೀಪ ಹತ್ತಿದರೆ ಮುಂದೆ ಪ್ಲಗ್ಗು, ಬಳಿಕ ವಯರು. ಹಳೆಯ ವಯರು ಯಂತ್ರದೊಳಕ್ಕೆ ಹೋಗುವ ಬಾಗಿನಲ್ಲಿಯೇ ಹೆಚ್ಚಾಗಿ ಒಳಗೆ ತುಂಡಾಗಿರುತ್ತದೆ. ಅನಂತರ ಸ್ವಿಚ್ಚು, ಕೊನೆಗೆ ಮೋಟಾರು. ಕಾರ್ಬನ್ ಬ್ರಷ್ಷುಳ್ಳ ಮೋಟಾರಾದರೆ, ಬ್ರಷ್ಷು ಸವೆದಾಗ ಕಿಡಿ ಹಾರುತ್ತದೆ, ಬಿಟ್ಟು ಬಿಟ್ಟು ಓಡುತ್ತದೆ. ಮೋಟಾರು ಹೂಂಗುಟ್ಟಿ ತಿರುಗದಿದ್ದರೆ ತಡಮಾಡದೆ ಆರಿಸಬೇಕು. ಇಲ್ಲವಾದರೆ ಒಳಗಿನ ಸುರುಳಿ ಕಾದು ಸುಟ್ಟುಹೋಗುತ್ತದೆ. ಉರುಳೆ ಬಿಗಿದಿರಬಹುದು, ಅಥವಾ ಕೆಪಾಸಿಟರು ಕೆಟ್ಟಿರಬಹುದು. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದುಂಟು. ಅದನ್ನು ಬಲ್ಲವರಿಗೇ ಬಿಡಬೇಕು. ಯಂತ್ರದ ಮೈ ಮುಟ್ಟಿದಾಗ ಜುಂ ಎಂದರೆ ಅದು ತಮಾಷೆಯಲ್ಲ. ಅರ್ತ್ ತಂತಿ ಸರಿಯಾಗುವವರೆಗೆ ಯಾರೂ ಅದನ್ನು ಮುಟ್ಟಕೂಡದು.

ಮೋಟಾರು ಓಡಿಯೂ ಉರುಳೆ ತಿರುಗದಿದ್ದರೆ ಬೆಲ್ಟು ಸಡಿಲವಾಗಿದೆ ಅಥವಾ ಅದಕ್ಕೆ ಎಣ್ಣೆ ಹತ್ತಿದೆ. ದೀರ್ಘ ರಜೆಯ ತರುವಾಯ ಯಂತ್ರ ಬಿಗಿಯುವುದು ಸಾಮಾನ್ಯ. ಹಳೆಯ ಎಣ್ಣೆ ಧೂಳಿನೊಡನೆ ಸೇರಿ ಅಂಟಾಗಿರುತ್ತದೆ. ಅದನ್ನು ಒರೆಸಿ ತೆಗೆದು, ಎಣ್ಣೆಯ ಕಿಂಡಿಗಳಿಗೆ ಒಂದೊಂದೇ ಹನಿ ಬಿಡಬೇಕು. ರಬ್ಬರಿಗೂ ಬೆಲ್ಟಿಗೂ ಎಣ್ಣೆ ಮುಟ್ಟಿಸಬಾರದು.

ಮಳೆಗಾಲದಲ್ಲಿ ಎರಡೆರಡು ಹಾಳೆ ಒಟ್ಟಿಗೆ ಹೋಗುವುದು ಯಂತ್ರದ ತಪ್ಪಲ್ಲ. ಕಾಗದ ತೇವ ಹೀರಿರುತ್ತದೆ. ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸಿದರೆ ಸಾಕು. ಹಾಳೆ ಒಳಕ್ಕೆ ಹೋಗದೆ ಜಾರುತ್ತಿದ್ದರೆ, ಅದನ್ನು ಎಳೆಯುವ ರಬ್ಬರು ಹೊಳಪೇರಿ ಹಿಡಿತ ಕಳೆದುಕೊಂಡಿದೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹಾಳೆ ಹೋಗದ ಸುತ್ತಿನಲ್ಲಿ ಮಸಿ ಒತ್ತುವ ರೋಲರಿಗೆ ಹತ್ತಿ, ಮುಂದಿನ ಪ್ರತಿಗಳ ಬೆನ್ನೆಲ್ಲ ಕಪ್ಪಾಗುತ್ತದೆ. ರದ್ದಿ ಹಾಳೆಗಳನ್ನು ಕೆಲವು ಸುತ್ತು ಓಡಿಸಿದರೆ ರೋಲರು ಶುಚಿಯಾಗುತ್ತದೆ.

ಹೊರಬಂದ ಹಾಳೆಯೇ ಯಂತ್ರದ ನಾಡಿ. ಪುಟವೆಲ್ಲ ಮಸುಕಾದರೆ ಮಸಿ ಸಾಲದು, ಅಥವಾ ಟೈಪಿನ ಪೆಟ್ಟು ಹಗುರವಾಯಿತು. ಒಂದೇ ಪಕ್ಕ ಮಸುಕಾದರೆ ಮಸಿ ಸಮನಾಗಿ ಹರಡಿಲ್ಲ, ಇಲ್ಲವೆ ರೋಲರಿನ ಒತ್ತಡ ಸಮವಾಗಿಲ್ಲ. ಸೊನ್ನೆಯ ಮತ್ತು 'ಠ' ಅಕ್ಷರದ ಹೊಟ್ಟೆ ಕಪ್ಪಾಗಿ ತುಂಬಿದರೆ ಪೆಟ್ಟು ಜೋರಾಗಿ ಆ ಚೂರು ಕಳಚಿಬಿದ್ದಿದೆ. ಓರೆಯಾದ ಗೆರೆ ಕಂಡರೆ ಸ್ಟೆನ್ಸಿಲ್ ಸುಕ್ಕಾಗಿದೆ. ಪ್ರತಿ ಹಾಳೆಯಲ್ಲೂ ಒಂದೇ ಜಾಗದಲ್ಲಿ ಚುಕ್ಕೆ ಬಂದರೆ ಸ್ಟೆನ್ಸಿಲಿನಲ್ಲಿ ತೂತಿದೆ. ತಿದ್ದುವ ದ್ರವವನ್ನು ಒಂದಿಷ್ಟು ಹಚ್ಚಿ ಆರಲು ಬಿಡಬೇಕು.

ದೋಷ ಸ್ಟೆನ್ಸಿಲಿನದೋ ಯಂತ್ರದ್ದೋ ತಿಳಿಯದಿದ್ದಾಗ ಅಟೆಂಡರು ಮಿಕ್ಕ ಯಾವುದನ್ನೂ ಮುಟ್ಟದೆ ಸ್ಟೆನ್ಸಿಲನ್ನು ಮಾತ್ರ ಬದಲಿಸುತ್ತಾರೆ. ದೋಷ ಹೋದರೆ ಅದು ಸ್ಟೆನ್ಸಿಲಿನದು, ಉಳಿದರೆ ಯಂತ್ರದ್ದು. "ಒಂದೇ ಸಲ ಎರಡು ಕಡೆ ಕೈಹಾಕಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗೋದಿಲ್ಲಪ್ಪ" ಎಂಬುದು ಅವರ ಮಾತು. ತರ್ಕಶಾಸ್ತ್ರದಲ್ಲಿ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ವಿವರಿಸಿದ ವ್ಯತ್ಯಾಸ ವಿಧಾನವೆಂದರೆ ಇದೇ. ಅಟೆಂಡರು ಮಿಲ್ಲನ ಹೆಸರನ್ನು ಕೇಳಿದವರಲ್ಲ. ನಮ್ಮ ತಂದೆಯವರೂ ಕೇಳಿಲ್ಲ. ಆದರೂ ಹೊಲದ ಪಂಪ್‌ಸೆಟ್ಟು ನಿಂತಾಗ ಅವರು ಫ್ಯೂಜಿನಿಂದ ಆರಂಭಿಸಿ ಒಂದೊಂದಾಗಿ ನೋಡುತ್ತ ಹೋಗುವುದು ಈ ಕ್ರಮದಲ್ಲಿಯೇ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಓದಿದವನ ಕೈಗೆ ಮಸಿ ಹತ್ತಬಾರದೆಂದು ನಮ್ಮೂರಿನ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪುಸ್ತಕದ ತರ್ಕವೂ ಕೈಯ ತರ್ಕವೂ ಬೇರೆಯಲ್ಲವೆಂದು ನನಗೆ ಮನವರಿಕೆಯಾದುದು ಈ ಯಂತ್ರದ ಮುಂದೆ. ಇಂದಿನ ಡಿಜಿಟಲ್ ಡುಪ್ಲಿಕೇಟರಿನಲ್ಲಿಯೂ ಉರುಳೆಗೆ ಸುತ್ತಿದ ತೆಳುಹಾಳೆಯ ರಂಧ್ರಗಳ ಮೂಲಕವೇ ಮಸಿ ಹಾಯುತ್ತದೆ. ಆದಕಾರಣ ಈ ವಿದ್ಯೆ ವ್ಯರ್ಥವಾಗದು. ಅಟೆಂಡರು ಕಾಲೇಜು ಬಿಡುವುದರೊಳಗೆ ಕಿರಿಯ ತರಗತಿಗಳ ಇಬ್ಬರು ಮೂವರಾದರೂ ಅವರ ಬಳಿ ಹೋಗಿ ಕಲಿಯಬೇಕು. ನಾನು ಬರೆದಿರುವುದು ಕಿವಿ ಕೇಳಿದ್ದು, ಕಣ್ಣು ಕಂಡದ್ದು. ಹಿಡಿಯ ಬಿಗಿ ಎಷ್ಟೆಂಬುದನ್ನು ಕೈಯೇ ಕಲಿಯಬೇಕು.