ಪೆಸಿಫಿಕ್ ಸಾಗರದಲ್ಲಿ ಒಂದು ಶ್ರೀರಂಗಪಟ್ಟಣ

ಹೊಸ ತಿಪ್ಪಸಂದ್ರದಿಂದ ಸಮುದ್ರ ನೋಡ್ಬೇಕು ಅಂದ್ರೆ ರಸ್ತೆಯಲ್ಲಿ 300 ಕಿ.ಮೀ.ಗೂ ಹೆಚ್ಚು ಹೋಗಬೇಕು. ಹಾಗಾಗಿ ಹಡಗಿನ ಕಥೆ ಅಂದ್ರೆ ನಮಗೆ ಬೇರೆ ಯಾರದ್ದೋ ಕಥೆ. ಆದರೆ 200 ವರ್ಷದ ಹಿಂದೆ ಪೆಸಿಫಿಕ್ ಸಾಗರದಲ್ಲಿ ತಿಮಿಂಗಿಲ ಬೇಟೆ ಆಡುತ್ತಿದ್ದ ಒಂದು ಹಾಯಿಹಡಗಿನ ಹೆಸರು ‘ಸೆರಿಂಗಪಟಮ್’. ಅಂದ್ರೆ ಬ್ರಿಟಿಷರ ಬಾಯಲ್ಲಿ ನಮ್ಮ ಶ್ರೀರಂಗಪಟ್ಟಣ!

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತ. ಅಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಜ್ವರದ ಕಾಟ ತಡೆಯೋಕಾಗದೆ 1809ರ ಹೊತ್ತಿಗೆ ಸೈನ್ಯ ಬೆಂಗಳೂರಿಗೆ ಬಂತು. ನಮ್ಮ ಕಂಟೋನ್ಮೆಂಟ್ ಹುಟ್ಟಿದ್ದೇ ಹಾಗೆ. ಅದೇ ಗೆಲುವಿನ ಹೆಸರು ಸಮುದ್ರಕ್ಕೂ ಹೋಯಿತು.

1813ರ ಜುಲೈನಲ್ಲಿ ಅಮೆರಿಕಕ್ಕೂ ಬ್ರಿಟನ್‌ಗೂ ಯುದ್ಧ ನಡೀತಿತ್ತು. ಅಮೆರಿಕದ ಯುದ್ಧನೌಕೆ ‘ಎಸೆಕ್ಸ್’ನ ಕ್ಯಾಪ್ಟನ್ ಡೇವಿಡ್ ಪೋರ್ಟರ್ ಗಲಾಪಗೋಸ್ ದ್ವೀಪಗಳ ಹತ್ತಿರ ಸೆರಿಂಗಪಟಮ್ ಹಡಗನ್ನು ವಶ ಮಾಡಿಕೊಂಡ. ಇದನ್ನು ಟಿಪ್ಪುವಿಗಾಗಿ ಯುದ್ಧನೌಕೆಯಾಗಿ ಕಟ್ಟಿದ್ದು ಅನ್ನೋ ಮಾತು ಅವನ ಬರಹದಿಂದಲೇ ಹಬ್ಬಿದ್ದು.

ಇದನ್ನು ನಂಬಬಹುದಾ? ಟಿಪ್ಪು 1796ರಲ್ಲಿ 40 ಯುದ್ಧನೌಕೆ ಕಟ್ಟಲು ಆದೇಶ ಹೊರಡಿಸಿದ್ದು ನಿಜ. ಮಂಗಳೂರು, ಮಿರ್ಜಾನ್, ಸದಾಶಿವಗಡದ ಕಡೆ ಕೆಲಸ ನಡೆಯಬೇಕಿತ್ತು. ಆದರೆ ಪೋರ್ಟರ್ ಹಿಡಿದ ಹಡಗು ಬರೀ 357 ಟನ್. (ಇಲ್ಲಿ ಟನ್ ಅಂದ್ರೆ ತೂಕ ಅಲ್ಲ, ಉದ್ದ, ಅಗಲದಿಂದ ಲೆಕ್ಕ ಹಾಕುವ ಒಳಗಿನ ಜಾಗದ ಅಳತೆ.) ಆ ಕಾಲದ ದೊಡ್ಡ ಫ್ರಿಗೇಟ್‌ಗಳು 1000 ಟನ್ ದಾಟುತ್ತಿದ್ದವು. ಕಟ್ಟಿಸಿದವರು ಯಾರೇ ಆಗಿರಲಿ, ಹೆಸರು ಮಾತ್ರ ಟಿಪ್ಪು ಇಟ್ಟಿದ್ದಲ್ಲ. ಅದು ಗೆದ್ದವರು ಇಟ್ಟ ಹೆಸರು.

ಮುಂದಿನದು ಸಿನಿಮಾ ಥರ ಇದೆ. ಪೋರ್ಟರ್ ಈ ಹಡಗನ್ನು ಮಾರ್ಕ್ವಿಸಾಸ್ ದ್ವೀಪಗಳ ನುಕು ಹಿವಾದಲ್ಲಿ ಬಿಟ್ಟು, ಲೆಫ್ಟಿನೆಂಟ್ ಜಾನ್ ಗ್ಯಾಂಬಲ್‌ಗೆ ಕಾವಲು ಒಪ್ಪಿಸಿ ಹೋದ. 1814ರ ಮಾರ್ಚ್ 28ರಂದು ವಾಲ್ಪರೈಸೊ ಬಂದರಿನ ಹತ್ತಿರ ಎಸೆಕ್ಸ್ ಬ್ರಿಟಿಷರಿಗೆ ಸೋತು ಶರಣಾಯಿತು. ಗ್ಯಾಂಬಲ್‌ಗೆ ಈ ಸುದ್ದಿಯೇ ತಲುಪಿರಲಿಲ್ಲ. ಮೇ 7ಕ್ಕೆ ಅವನ ಜನರೇ ತಿರುಗಿಬಿದ್ದರು. ಕಾಲಿಗೆ ಗುಂಡೇಟು ತಿಂದ ಅವನನ್ನು ದೋಣಿಯಲ್ಲಿ ಬಿಟ್ಟು ಹಡಗು ಸಮೇತ ಪರಾರಿ. ಜುಲೈನಲ್ಲಿ ಸಿಡ್ನಿ ಮುಟ್ಟಿದರು. ಹಡಗು ಹಳೇ ಮಾಲೀಕರಿಗೆ ವಾಪಸ್ ಸಿಕ್ಕಿ, 1840ರ ದಶಕದವರೆಗೂ ತಿಮಿಂಗಿಲದ ಹಿಂದೆ ಓಡಾಡಿತು.

ಮರದ ಹಡಗು ಅಷ್ಟು ವರ್ಷ ಹೇಗೆ ಬಾಳಿತು? ಉತ್ತರ ತೇಗದ ಮರದಲ್ಲಿದೆ. ಇಂಗ್ಲೆಂಡಿನಲ್ಲಿ ಬಳಸುತ್ತಿದ್ದ ಓಕ್ ಮರದ ಟ್ಯಾನಿಕ್ ಆಮ್ಲ ಕಬ್ಬಿಣದ ಬೋಲ್ಟ್‌ಗಳನ್ನು ತಿಂದುಹಾಕುತ್ತೆ. ತೇಗದಲ್ಲಿರೋ ಎಣ್ಣೆ ಅಂಶ ಕಬ್ಬಿಣಕ್ಕೆ ತುಕ್ಕು ಹತ್ತದಂತೆ ತಡೆಯುತ್ತೆ, ಹುಳ ಮತ್ತು ಕೊಳೆತವನ್ನೂ ದೂರ ಇಡುತ್ತೆ. ನಂಬಿಕೆ ಇಲ್ಲ ಅಂದ್ರೆ ‘ಟ್ರಿಂಕಮಲಿ’ ನೋಡಿ. 1817ರಲ್ಲಿ ಬಾಂಬೆಯಲ್ಲಿ ವಾಡಿಯಾ ಕುಟುಂಬದವರು ಪಶ್ಚಿಮ ಘಟ್ಟದ ಕಡೆಯ ತೇಗದಿಂದ ಕಟ್ಟಿದ ಆ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲ್ತಾ ಇದೆ.

1819ರಲ್ಲಿ ಬ್ರಿಟಿಷ್ ನೌಕಾಪಡೆಯೂ ಬಾಂಬೆಯಲ್ಲಿ ತನ್ನದೇ ಇನ್ನೊಂದು ‘ಸೆರಿಂಗಪಟಮ್’ ಕಟ್ಟಿಸಿತು. ಕೊನೆಗೆ ಅದು ಕೇಪ್ ಆಫ್ ಗುಡ್ ಹೋಪ್‌ನಲ್ಲಿ ಕಲ್ಲಿದ್ದಲು ತುಂಬಿಡುವ ಗೋದಾಮಾಗಿ, 1873ರಲ್ಲಿ ಒಡೆದುಹಾಕಲ್ಪಟ್ಟಿತು. ಉಳಿದದ್ದು ಮುಂಭಾಗದ ಮರದ ಬೊಂಬೆ: ದೊಡ್ಡ ಹಕ್ಕಿಯ ಮೇಲೆ ಕೂತು ಕೊಡೆ ಹಿಡಿದ ರಾಜ. ಅವನು ಟಿಪ್ಪು ಅಂತಾರೆ. ಲಂಡನ್ನಿನ ಗ್ರೀನಿಚ್ ಮ್ಯೂಸಿಯಂನಲ್ಲಿದೆ. ಸೋತ ರಾಜನನ್ನು ಗೆದ್ದವರು ತಮ್ಮ ಹಡಗಿನ ಮೂತಿಗೆ ಕಟ್ಟಿಕೊಂಡು ಸಮುದ್ರದಲ್ಲಿ ಓಡಾಡಿಸಿದರು. ಯಾರಾದರೂ ಗ್ರೀನಿಚ್‌ಗೆ ಹೋದರೆ ಆ ಬೊಂಬೆ ನೋಡಿ, ‘ಇವನು ನಮ್ಮೂರ ಕಡೆಯವನು’ ಅಂತ ಪಕ್ಕದಲ್ಲಿ ನಿಂತವರಿಗೆ ಹೇಳಿ.