ಮನೆಗೆ ಡ್ರೋನ್ ಬಂದಾಗ

ಬೇಸಿಗೆಯ ಒಂದು ಮಧ್ಯಾಹ್ನ. ನಾನೂ ನಮ್ಮ ಅತ್ತೆಯವರೂ ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಕೈಕಾಲು ತೊಳೆದುಕೊಂಡು ಒಂದು ಲೋಟ ಚಹಾ ಕುಡಿಯಲು ಕುಳಿತಿದ್ದೆವು. ಅಷ್ಟರಲ್ಲಿ ಬಾಗಿಲಲ್ಲಿ ಹಿಂದಿನ ಮನೆಯ ದೊಡ್ಡವ್ವ ಬಂದು ನಿಂತರು. ಮುಖ ಕೆಂಪಗಾಗಿತ್ತು.

"ನೋಡವಾ, ನಿನ್ನ ಮಗನ್ನ ಒಂದೀಟು ಹದ್ದುಬಸ್ತಿನ್ಯಾಗ ಇಟ್ಕೋ. ನಮ್ಮ ಸೊಸಿ ಎರಕೊಂಡು ಮಾಳಿಗಿ ಮ್ಯಾಲೆ ಕೂದಲಾ ಆರಿಸ್ಕೊಳ್ಳಾಕ ನಿಂತ್ರ, ನಿಮ್ಮ ಆ ಹುಳ ಗುಂಯ್ ಅಂತ ಬಂದು ಎದುರಿಗೆ ನಿಂದರತೈತಿ. ಅದಕ್ಕ ಕಣ್ಣೂ ಐತಂತ. ಇದು ಚಲೋ ಏನವಾ?"

'ಹುಳ' ಎಂದರೆ ಬೇರೇನಲ್ಲ, ಡ್ರೋನ್. ಮದುವೆಯಲ್ಲಿ ತಲೆಯ ಮೇಲೆ ಗುಂಯ್‌ಗುಡುತ್ತ ಫೋಟೋ ತೆಗೆಯುವುದನ್ನು ನೀವೂ ನೋಡಿರುತ್ತೀರಿ. ಅಂಥದೇ ಒಂದು ಚಿಕ್ಕದನ್ನು ನನ್ನ ಎರಡನೆಯ ಮಗ ಪಿಯುಸಿ ಪರೀಕ್ಷೆ ಮುಗಿಸಿದ ರಜೆಯಲ್ಲಿ, ಅಜ್ಜಿ ಕೊಟ್ಟ ಹಣಕ್ಕೆ ತನ್ನ ಉಳಿತಾಯ ಸೇರಿಸಿ ಕೊಂಡಿದ್ದ. ಬೀಡಿ, ಇಸ್ಪೀಟು, ಕೆಟ್ಟ ಸಹವಾಸ ಇಲ್ಲದ ಹುಡುಗ, ಆಡಿಕೊಳ್ಳಲಿ ಬಿಡು ಎಂದು ನಾವೂ ಸುಮ್ಮನಿದ್ದೆವು. ಸುಮ್ಮನಿದ್ದದ್ದೇ ತಪ್ಪಾಯಿತು ನೋಡಿ.

ದೊಡ್ಡವ್ವನನ್ನು ಸಮಾಧಾನಪಡಿಸಿ ಕಳಿಸಿ, ಮಗನನ್ನು ಕರೆದು ತೆಗೆದದ್ದನ್ನೆಲ್ಲ ತೋರಿಸು ಎಂದೆ. ಅವನು ಧೈರ್ಯವಾಗಿಯೇ ತೋರಿಸಿದ. ಮಾಳಿಗೆಗಳ ಮೇಲೆ ಒಣಗಲು ಹಾಕಿದ ಬ್ಯಾಡಗಿ ಮೆಣಸಿನಕಾಯಿ ಕೆಂಪು ಜಮಖಾನ ಹಾಸಿದಂತೆ ಕಾಣುತ್ತಿತ್ತು. ಅದನ್ನೇ ತೆಗೆಯಲು ಹೋಗಿದ್ದನಂತೆ. ಆದರೆ ಒಂದು ಮೂಲೆಯಲ್ಲಿ ನಾಲ್ಕೇ ನಾಲ್ಕು ಕ್ಷಣ, ಕೂದಲು ಬಿಚ್ಚಿಕೊಂಡು ನಿಂತ ಆ ಸೊಸೆ. ಮೇಲೆ ನೋಡಿ ಗಾಬರಿಯಾಗಿ ಸೆರಗು ಎಳೆದುಕೊಂಡು ಮೆಟ್ಟಿಲ ಕಡೆ ಓಡುತ್ತಾಳೆ. ಅವನು ಅದನ್ನು ಹತ್ತು ಸಲ ನೋಡಿದ್ದರೂ ಆಕೆ ಅವನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಕಣ್ಣಿಗೆ ಮೊದಲು ಬಿದ್ದವಳೇ ಆಕೆ! ಗಂಡುಮಕ್ಕಳಿಗೆ ಬೈಯುವ ಮುಂಚೆ ನಾವು ಒಂದು ಸಲ ಕೂಡ್ರಿಸಿಕೊಂಡು ತೋರಿಸಿ ಹೇಳಬೇಕು ಗೆಳತಿಯರೇ. ಅವರಿಗೆ ಮಾಳಿಗೆ ಎಂದರೆ ಬರೀ ಮಾಳಿಗೆ. ದಿನವಿಡೀ ಮನೆಯೊಳಗಿರುವ ಹೆಂಗಸಿಗೆ ಸೆರಗಿನ ಪರಿವೆ ಇಲ್ಲದೆ ಹತ್ತು ನಿಮಿಷ ಗಾಳಿಗೆ ನಿಲ್ಲುವ ಜಾಗ ಅದೊಂದೇ ಎಂಬುದು ಅವರಿಗೇನು ಗೊತ್ತು?

ಸಂಜೆ ಅವನನ್ನು ಕರೆದುಕೊಂಡೇ ಹೋದೆ. ಅವರ ಮನೆಯ ಪಡಸಾಲೆಯಲ್ಲಿ, ಆ ಸೊಸೆಯ ಎದುರಿಗೇ ಅದನ್ನು ಅಳಿಸಿ ಹಾಕಿಸಿದೆ. "ತಪ್ಪಾತು ವೈನಿ" ಎಂದು ಅವನು ತಲೆ ತಗ್ಗಿಸಿದ. ಆಕೆ "ಇರಲಿ ಬಿಡು" ಎಂದಳು. ಆದರೂ ಒಂದು ತಿಂಗಳು ಆಕೆ ಮಾಳಿಗೆ ಹತ್ತಲಿಲ್ಲ. ಹಪ್ಪಳವನ್ನು ಅಂಗಳದಲ್ಲೇ ಒಣಗಿಸಿದಳು.

"ಅದನ್ನ ಮಾರಿಬಿಡು" ಎಂದು ನಮ್ಮ ಮನೆಯವರು ಸಿಟ್ಟಿನಿಂದ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಕಾರಹುಣ್ಣಿಮೆಗೆ ಗಾಳಿಪಟ ಹಾರಿಸುವಾಗ ಮಾಳಿಗೆಯಿಂದ ಬೀಳುತ್ತಾರೆಂದು ಗಾಳಿಪಟವನ್ನೇ ನಿಲ್ಲಿಸಿದ್ದೇವೆಯೆ? ಬಯಲಿಗೆ ಹೋಗಿ ಹಾರಿಸು ಎನ್ನುತ್ತೇವೆ. ಇದಕ್ಕೂ ಒಂದು ಬಯಲು ಬೇಕು, ಒಂದು ಕಾಯಿದೆಯೂ ಇರಬೇಕಲ್ಲ ಎಂದು ತಾಯಿ ಮಗ ಇಬ್ಬರೂ ಕೂತು ಹುಡುಕಿದೆವು. ನಾನು ಓದಿದ್ದು ಹೈಸ್ಕೂಲು ಅಷ್ಟೆ. ಆದರೆ ಕಾಯಿದೆ ಅಂದುಕೊಂಡಷ್ಟು ಕಠಿಣವಾಗಿಲ್ಲ, ಅಡುಗೆಮನೆಯ ತಕ್ಕಡಿಯಿಂದಲೇ ಶುರುವಾಗುತ್ತದೆ!

ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳು ಬಂದದ್ದು 2021ರ ಆಗಸ್ಟ್‌ನಲ್ಲಿ. ಅದರಲ್ಲಿ ಎಲ್ಲವೂ ತೂಕದ ಮೇಲೆ. 250 ಗ್ರಾಂವರೆಗಿನದು 'ನ್ಯಾನೊ', ಅದಕ್ಕಿಂತ ಮೇಲೆ 2 ಕಿಲೋವರೆಗೆ 'ಮೈಕ್ರೊ', ಆಮೇಲೆ ಸಣ್ಣದು, ಮಧ್ಯಮ, ದೊಡ್ಡದು. ಬ್ಯಾಟರಿ ಹಾಕಿಯೇ ತೂಗಬೇಕು, ಮರೆಯಬೇಡಿ. ನಮ್ಮದನ್ನು ಬೇಳೆ ತೂಗುವ ತಕ್ಕಡಿಯಲ್ಲಿಟ್ಟರೆ 250 ಗ್ರಾಂ ಒಳಗೇ ಬಂತು, ಜೀವ ನಿರಾಳವಾಯಿತು. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ಮೂರನೆಯವರ ವಿಮೆಯೂ ಬೇಡ. ಮೈಕ್ರೊ ಆದರೆ, ಬರೀ ಹವ್ಯಾಸಕ್ಕಾದರೆ ಪ್ರಮಾಣಪತ್ರ ಬೇಡ, ಆದರೆ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೆಯಬೇಕು, ವಿಮೆಯೂ ಬೇಕು. ಕೊಳ್ಳುವಾಗಲೇ ಅಂಗಡಿಯವರನ್ನು ನೋಂದಣಿಯ ಬಗ್ಗೆ ಕೇಳಿ, ಪಕ್ಕಾ ಬಿಲ್ಲು ಪಡೆದುಕೊಳ್ಳಿ. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೂ ದಂಡ ಉಂಟು. ಇದನ್ನು ಹೇಳಿದ ಮೇಲೆಯೇ ನನ್ನ ಮಗ ನೆಟ್ಟಗೆ ಕೂತು ಕೇಳಿದ್ದು.

ಇನ್ನೊಂದು ಮಾತು. ಪರದೇಶದಲ್ಲಿರುವ ತಮ್ಮನೋ ಅಳಿಯನೋ "ಅಕ್ಕಾ, ಹುಡುಗನಿಗೆ ಇಲ್ಲಿಂದ ಒಂದು ಡ್ರೋನ್ ತರುತ್ತೇನೆ" ಎಂದರೆ ಬೇಡ ಎನ್ನಿ. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನುಗಳನ್ನು ಹೊರದೇಶದಿಂದ ತರುವುದನ್ನು ಸರ್ಕಾರ ನಿಷೇಧಿಸಿದೆ. ಕಸ್ಟಮ್ಸ್‌ನಲ್ಲಿ ಹಿಡಿದರೆ ಉಡುಗೊರೆ ಕೊಟ್ಟವರಿಗೂ ಸಂಕಟ, ತಂದವರಿಗೂ ಸಂಕಟ.

ಈಗ ಜಾಗದ ವಿಷಯ. ಸರ್ಕಾರದ 'ಡಿಜಿಟಲ್ ಸ್ಕೈ' ಎಂಬ ತಾಣದಲ್ಲಿ ಇಡೀ ದೇಶದ ನಕಾಶೆ ಇದೆ. ಹಸಿರು, ಹಳದಿ, ಕೆಂಪು ಎಂದು ಮೂರು ಬಣ್ಣ. ಹಸಿರಿನಲ್ಲಿ 400 ಅಡಿ ಎತ್ತರದವರೆಗೆ ಯಾರ ಅನುಮತಿಯೂ ಬೇಡ. ಹಳದಿಯಲ್ಲಿ ವಿಮಾನ ಸಂಚಾರ ನಿಯಂತ್ರಿಸುವವರ ಅನುಮತಿ ಬೇಕು. ಕೆಂಪಿನಲ್ಲಿ ಕೇಂದ್ರ ಸರ್ಕಾರವೇ ಒಪ್ಪಬೇಕು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ 200 ಅಡಿ ಮಾತ್ರ, ಇನ್ನೂ ಹತ್ತಿರವಾದರೆ ಅನುಮತಿಯಿಲ್ಲದೆ ಏಳಿಸುವಂತೆಯೇ ಇಲ್ಲ. ನಮ್ಮ ಮೋಟೆಬೆನ್ನೂರಿಗೆ ಹತ್ತಿರದಲ್ಲಿ ವಿಮಾನ ನಿಲ್ದಾಣವಿಲ್ಲದ್ದು ಈ ಮಟ್ಟಿಗೆ ಪುಣ್ಯ. ಆದರೆ ರಜೆಗೆ ನನ್ನ ತಂಗಿಯ ಮನೆಗೆ ಹುಬ್ಬಳ್ಳಿಗೆ ಹೋಗುವಾಗ ಅದು ಪೆಟ್ಟಿಗೆಯಲ್ಲೇ ಮನೆಯಲ್ಲಿರುತ್ತದೆ. ಗೋಕುಲ ರಸ್ತೆಯ ವಿಮಾನ ನಿಲ್ದಾಣ ಅಲ್ಲೇ ಇದೆಯಲ್ಲ! ಶಿವಮೊಗ್ಗದ ಕಡೆಯವರೂ ಎಚ್ಚರವಿರಲಿ, ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ನಿಲ್ದಾಣ ಶುರುವಾಗಿದೆ. ಕಾರವಾರದ ಸಮುದ್ರ ನೋಡಲು ಹೋಗುವವರು ಅಲ್ಲಿ ನೌಕಾನೆಲೆ ಇದೆ ಎಂಬುದನ್ನು ಮರೆಯಬಾರದು.

ನಕಾಶೆ ಹಸಿರಾದ ಮಾತ್ರಕ್ಕೆ ಎಲ್ಲರ ತಲೆಯ ಮೇಲೂ ಹಾರಿಸಬಹುದೆಂದಲ್ಲ. ನಮ್ಮೂರೂ ಹಸಿರೇ. ದೊಡ್ಡವ್ವನ ಮುಖವಂತೂ ಹಸಿರಾಗಿರಲಿಲ್ಲ! ಸ್ನಾನ ಮಾಡುವ ಹೆಂಗಸನ್ನು ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸೆರೆವಾಸ ಮತ್ತು ದಂಡ. ಮೇಲೆ ಸೂರಿಲ್ಲದ ಬಚ್ಚಲುಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟಿಲ್ಲ? ಹಾರಿಸುವವನ ಮನಸ್ಸಿನಲ್ಲಿ ಏನೂ ಇಲ್ಲದಿದ್ದರೂ ಕೆಳಗಿರುವವಳಿಗೆ ಅದು ಹೇಗೆ ತಿಳಿಯಬೇಕು? ಆದ್ದರಿಂದ ನಮ್ಮ ಮನೆಯಲ್ಲಿ ಒಂದೇ ಕಟ್ಟಪ್ಪಣೆ: ಊರೊಳಗೆ ಬೇಡ, ಎಷ್ಟು ಎತ್ತರದಲ್ಲಾದರೂ ಬೇಡ.

ಸರಿ, ಊರ ಹೊರಗೆ ಎಲ್ಲಿ? ಮೊದಲು ಶಾಲೆಯ ಮೈದಾನಕ್ಕೆ ಹೋದ. ಐದೇ ನಿಮಿಷದಲ್ಲಿ ಇಪ್ಪತ್ತು ಹುಡುಗರು ಕೆಳಗೆ ಓಡಾಡತೊಡಗಿದರು. ಬಿದ್ದರೆ ಯಾರ ಕಣ್ಣಿಗೆ ಬೀಳುತ್ತದೋ ಎಂದು ಇಳಿಸಿಕೊಂಡು ಬಂದ. ಕೆರೆಯ ದಂಡೆಗೆ ಹೋದರೆ ಹದ್ದು ಬೆನ್ನು ಹತ್ತಿತಂತೆ! ಹದ್ದಿಗೆ ಅದು ತನ್ನ ಎಲ್ಲೆಗೆ ನುಗ್ಗಿದ ಇನ್ನೊಂದು ಹಕ್ಕಿ. ಮರಿ ಮಾಡುವ ಕಾಲದಲ್ಲಂತೂ ಕೇಳಲೇಬೇಡಿ. ನಮ್ಮ ಹೊಲದಲ್ಲಿ ವಿದ್ಯುತ್ ತಂತಿ ಅಡ್ಡ ಹಾಯ್ದಿದೆ. ರಾಷ್ಟ್ರೀಯ ಹೆದ್ದಾರಿ 48ರ ಮೇಲಂತೂ ಮಾತೇ ಇಲ್ಲ. ಲಾರಿ ಓಡಿಸುವವನ ಗಾಜಿನೆದುರು ಅದು ಬಂದರೆ ಏನಾದೀತು, ಯೋಚಿಸಿ. ಮೆಣಸಿನಕಾಯಿ ಕಣದ ಹತ್ತಿರ ಒಮ್ಮೆ ಇಳಿಸಲು ಹೋಗಿ, ಅದರ ಗಾಳಿಗೆ ಎದ್ದ ಘಾಟಿನಿಂದ ಆಳುಗಳೆಲ್ಲ ಸೀನಿ ಸೀನಿ ಹಣ್ಣಾದರು. ಇದನ್ನು ಹೇಳಿಕೊಂಡು ಅತ್ತೆಯವರು ಇವತ್ತಿಗೂ ನಗುತ್ತಾರೆ.

ಕೊನೆಗೆ ಸಿಕ್ಕಿದ್ದು ನಮ್ಮ ಮನೆಯವರ ಸೋದರಮಾವನ ಹೊಲ. ಗೋವಿನಜೋಳ ಕಿತ್ತ ಮೇಲೆ ಖಾಲಿ ಬಯಲು, ಸುತ್ತ ಮನೆಯಿಲ್ಲ, ತಂತಿಯಿಲ್ಲ, ರೈಲು ಹಳಿ ದೂರ. "ಬಣವಿ ಮ್ಯಾಲೆ ಬೀಳಿಸಬ್ಯಾಡ, ಎತ್ತು ಬೆದರಿಸಬ್ಯಾಡ" ಎಂಬ ಎರಡೇ ಷರತ್ತು ಹಾಕಿ ಮಾವ ಒಪ್ಪಿದರು. ಅಕ್ಕಪಕ್ಕದ ಹೊಲದವರಿಗೂ ಮೊದಲೇ ಹೇಳಿಬಂದೆವು. ಕಾಯಿದೆ ಇದನ್ನು ಕೇಳುವುದಿಲ್ಲ. ಆದರೆ ಹೇಳದೆ ಹಾರಿಸಿದರೆ "ಹೊಲ ಅಳೆಯಾಕ ಬಂದಾರ, ಭೂಮಿ ಹೋಗತೈತಿ" ಎಂದು ಸುದ್ದಿ ಹಬ್ಬಲು ಎಷ್ಟು ಹೊತ್ತು? ನನ್ನ ಒತ್ತಾಯಕ್ಕೆ ಮಗ ಪೊಲೀಸ್ ಠಾಣೆಗೂ ಹೋಗಿ, ಇಂಥ ಹೊಲದಲ್ಲಿ ಭಾನುವಾರ ಮುಂಜಾನೆ ಹಾರಿಸುತ್ತೇನೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ಬಂದ. ಅಲ್ಲಿ ಇದ್ದವರು ಮೊದಲು ನಕ್ಕರಂತೆ, ಆಮೇಲೆ ಹಾಳೆ ತೆಗೆದಿಟ್ಟುಕೊಂಡರಂತೆ. ನಾಳೆ ಯಾರಾದರೂ ದೂರು ಕೊಟ್ಟರೆ ಆ ಹಾಳೆ ಉಪಯೋಗಕ್ಕೆ ಬರುತ್ತದೆ.

ನಮ್ಮ ಜಿಲ್ಲೆಯಲ್ಲೇ ಹಾರಿಸಬಾರದ ಕೆಲವು ಜಾಗಗಳಿವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಎತ್ತುವಂತಿಲ್ಲ. ಬಂಕಾಪುರದ ನವಿಲುಧಾಮವೂ ಹಾಗೆಯೇ. ಹಾವೇರಿಯ ಸಿದ್ಧೇಶ್ವರ, ಚೌಡಯ್ಯದಾನಪುರದ ಮುಕ್ತೇಶ್ವರ, ಗಳಗನಾಥದ ಗಳಗೇಶ್ವರ ಇವೆಲ್ಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳು, ಅವರ ಅನುಮತಿ ಬೇಕೇ ಬೇಕು. ತುಂಗಭದ್ರೆಯ ದಂಡೆಯ ಗುಡಿ ಮೇಲಿನಿಂದ ಎಷ್ಟು ಚೆಂದ ಕಂಡೀತು ಎಂದು ಮಗನಿಗೆ ಆಸೆ. ನನಗೂ ಇಲ್ಲದಿಲ್ಲ. ಆದರೆ ಅನುಮತಿ ಸಿಗುವವರೆಗೆ ಕೆಳಗಿನಿಂದಲೇ ನೋಡೋಣ ಎಂದಿದ್ದೇನೆ.

ದೀಪಾವಳಿಯ ಹೋರಿ ಹಬ್ಬಕ್ಕೆ ಮಾತ್ರ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಕೊಬ್ಬರಿ ಮಾಲೆ, ಬಲೂನು ಕಟ್ಟಿಕೊಂಡು ಓಡಿ ಬರುವ ಹೋರಿಯನ್ನು ಮೇಲಿನಿಂದ ಹಿಡಿಯಬೇಕೆಂದು ಗೆಳೆಯರೆಲ್ಲ ಅವನ ಕಿವಿ ಊದಿದ್ದರು. "ಎಲ್ಲಾರೂ ಹಾರಸ್ತಾರಲ್ಲಬೇ!" ಎಂದು ಅವನ ವಾದ. ಅಷ್ಟು ಜನರ ನಡುವೆ ಹೋರಿ ಆ ಸದ್ದಿಗೆ ಬೆದರಿ ದಿಕ್ಕು ತಪ್ಪಿ ಜನರೊಳಗೆ ನುಗ್ಗಿದರೆ? ಆ ದಿನ ಬ್ಯಾಟರಿಗಳನ್ನು ನಾನೇ ಟ್ರಂಕಿನಲ್ಲಿಟ್ಟು ಕೀಲಿ ಹಾಕಿಬಿಟ್ಟೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಹೋಳಿಗೆ ಕೇಳಿಕೊಂಡು ಬಂದ.

ನಕಾಶೆಯ ಬಣ್ಣವೂ ಶಾಶ್ವತವಲ್ಲ. ಗಲಾಟೆಯ ಸಂದರ್ಭದಲ್ಲಿ ರಾಜ್ಯ ಸರ್ಕಾರ ಅಥವಾ ಪೊಲೀಸ್ ವರಿಷ್ಠರು ಯಾವುದೇ ಜಾಗವನ್ನು ಒಂದು ಸಲಕ್ಕೆ 96 ಗಂಟೆಯವರೆಗೆ ತಾತ್ಪೂರ್ತಿಕ ಕೆಂಪು ವಲಯ ಮಾಡಬಹುದು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿದ್ದು ರೈತರು ಸಿಟ್ಟಿಗೆದ್ದು ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಅಂಥ ದಿನಗಳಲ್ಲಿ ನಕಾಶೆ ಏನೇ ಹೇಳಲಿ, ಪೆಟ್ಟಿಗೆ ತೆಗೆಯಲೇಬಾರದು. ಮಂತ್ರಿಗಳು ಬರುವ ದಿನವೂ ಅಷ್ಟೆ.

ಮದುವೆ ಮಾಡುವವರಿಗೆ ಒಂದು ಕಿವಿಮಾತು. ಫೋಟೋದವರು ದೊಡ್ಡ ಡ್ರೋನ್ ತರುವುದಾದರೆ, 250 ಗ್ರಾಂಗಿಂತ ಹೆಚ್ಚಿನದನ್ನು ಹಣಕ್ಕಾಗಿ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು. ಮುಂಗಡ ಕೊಡುವ ಮೊದಲೇ ಕೇಳಿ ನೋಡಿ. ಅಕ್ಷತೆಯ ಹೊತ್ತಿಗೆ ಬೀಗರ ತಲೆಯ ಮೇಲೆ ಬಿದ್ದರೆ ಸಂಬಂಧವೇ ಕೆಟ್ಟೀತು!

ಅಂದ ಹಾಗೆ, ಆ ಪ್ರಮಾಣಪತ್ರ ಪಡೆಯಲು ಹತ್ತನೆಯ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 65ರೊಳಗಿರಬೇಕು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಆಗಿರಬೇಕು. ಮೊದಲಿನ ಎರಡೂ ನನಗಿವೆ ಎಂದು ಮನೆಯಲ್ಲಿ ಹೇಳಿದರೆ ಎಲ್ಲರೂ ನಕ್ಕರು. ನಗಬೇಕಾದ್ದೇನಿದೆ? ಕೇಂದ್ರ ಸರ್ಕಾರ 2023-24ರಿಂದ 2025-26ರ ಅವಧಿಗೆ ತಂದ 'ನಮೋ ಡ್ರೋನ್ ದೀದಿ' ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ, ಗೊಬ್ಬರ ಸಿಂಪಡಿಸುವ ಡ್ರೋನ್ ಕೊಡುವ ಗುರಿಯಿತ್ತು. ಬೆಲೆಯಲ್ಲಿ ಶೇಕಡಾ 80, ಹೆಚ್ಚೆಂದರೆ 8 ಲಕ್ಷ ರೂಪಾಯಿ ಸಹಾಯಧನ. ಸಂಘದ ಒಬ್ಬ ಮಹಿಳೆಗೆ 15 ದಿನಗಳ ತರಬೇತಿ. ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆದು, ರಾತ್ರಿಯೆಲ್ಲ ಕಣ್ಣುರಿ ಎಂದು ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. ನಿಮ್ಮ ಸಂಘದಲ್ಲಿ ಈ ಮಾತು ಎತ್ತಿ, ಈಗ ಯಾವ ಯೋಜನೆಯಡಿ ಸಿಗುತ್ತದೆ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಹಿಂದಿನ ಮನೆಯ ಸೊಸೆ ಈಗ ಮಾಳಿಗೆಗೆ ಬರುತ್ತಾಳೆ. ಶ್ರಾವಣದಲ್ಲಿ ಒಮ್ಮೆ ಅರಿಷಿಣ ಕುಂಕುಮಕ್ಕೆ ಬಂದಾಗ "ನಿಮ್ಮ ಹುಡುಗ ಈಗ ಎಲ್ಲಿ ಹಾರಸ್ತಾನ್ರಿ ಅತ್ತಿ?" ಎಂದು ತಾನಾಗಿ ಕೇಳಿದಳು. ಮಾವನ ಹೊಲದಲ್ಲಿ ಎಂದೆ. "ಆಷಾಢದ ಗಾಳಿಗೆ ಹಾರಿ ಹೋಗಲಿಲ್ಲೇನು?" ಎಂದು ನಕ್ಕಳು. ನಿಜ, ಆ ತಿಂಗಳೆಲ್ಲ ಹಾರಿಸಲಾಗುವುದಿಲ್ಲ. ಉಳಿದ ದಿನಗಳಲ್ಲೂ ಮುಂಜಾನೆ ಏಳರಿಂದ ಒಂಬತ್ತು ಗಂಟೆಯೊಳಗೆ ಗಾಳಿ ಕಡಿಮೆ, ಹಾರಿಸುವವನ ಕಣ್ಣಿಗೂ ಚೆನ್ನಾಗಿ ಕಾಣುತ್ತದೆ. ಕಣ್ಣಿಗೆ ಕಾಣದಷ್ಟು ದೂರ ಬಿಡಬಾರದು.

ಇನ್ನು ಬ್ಯಾಟರಿ. ಅದು ಮೊಬೈಲಿನ ಬ್ಯಾಟರಿಗಿಂತ ಸಿಟ್ಟಿನದು. ಹಾಸಿಗೆಯ ಮೇಲೆ, ಒಲೆಯ ಹತ್ತಿರ, ಗ್ಯಾಸ್ ಸಿಲಿಂಡರಿನ ಪಕ್ಕ ಚಾರ್ಜಿಗೆ ಇಡಬೇಡಿ. ಬಂಡೆ ಹಾಸಿದ ನೆಲದ ಮೇಲಿಟ್ಟು, ಎದುರಿಗೆ ಯಾರಾದರೂ ಇರುವಾಗಲೇ ಚಾರ್ಜು ಮಾಡಿ. ರಾತ್ರಿಯಿಡೀ ಹಾಕಿ ಮಲಗಬಾರದು. ಹೋಳಿಗೆಯಂತೆ ಉಬ್ಬಿದ್ದು ಕಂಡರೆ ಮತ್ತೆ ಬಳಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ನಾವು ಒಂದನ್ನು ಮರಳು ತುಂಬಿದ ತಗಡಿನ ಡಬ್ಬಿಯಲ್ಲಿಟ್ಟು, ಕೊಂಡ ಅಂಗಡಿಗೇ ಮರಳಿಸಿ ಬಂದೆವು.